ಮೂರು ಊರುಗಳ ಸಂಸೋನ

ಸ್ವಿಟ್ಜರ್ಲೆಂಡಿಗೆ ಹೋಗಿ ಒಂದು ಹಿಮಶಿಖರವನ್ನೂ ಹತ್ತದೆ ಬಂದವರೆಂದು ನೆಂಟರು ನಮ್ಮಿಬ್ಬರನ್ನು ಈಗಲೂ ಆಡಿಕೊಳ್ಳುತ್ತಾರೆ. ಅಕ್ಕನಿಗೆ ಚಳಿಯಾಗದು, ನನಗೆ ಎತ್ತರವಾಗದು. ಜುರಿಕ್‌ನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಪರ್ವತದ ತುದಿಗೆ ಹೋಗುವ ರೈಲಿಗೆ ಟಿಕೆಟ್ ತೆಗೆಯಲು ಹೊರಟಾಗ, ಆ ಹಣಕ್ಕೆ ಹಳೆಯ ಊರುಗಳಲ್ಲಿ ಆರಾಮವಾಗಿ ಓಡಾಡಿಕೊಂಡು ಬರುತ್ತೇವೆ ಎಂದು ತಡೆದವಳು ಅಕ್ಕ. ಹಾಸನದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಅವಳ ಮಾತಿಗೆ ಎದುರಾಡುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಊರುಗಳನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಬರ್ನ್, ಸೋಲೊಟುರ್ನ್, ಫ್ರಿಬೂರ್ ಎಂದು ಬರೆದುಕೊಟ್ಟೆ. ಈ ಮೂರೂ ಊರುಗಳಲ್ಲಿ ಹದಿನಾರನೇ ಶತಮಾನದ ಒಂದೊಂದು ಕಾರಂಜಿ ಇದೆ. ನೀರು ಮೇಲಕ್ಕೆ ಚಿಮ್ಮುವ ಕಾರಂಜಿಯಲ್ಲ. ಕಲ್ಲಿನ ತೊಟ್ಟಿ, ನಡುವೆ ಕೆತ್ತಿದ ಕಂಬ, ಕಂಬದ ಬದಿಯಿಂದ ತೊಟ್ಟಿಗೆ ಸುರಿಯುವ ನಳಿಗೆಗಳು. ಕಂಬದ ಮೇಲೆ ಬಣ್ಣ ಬಳಿದ ಕಲ್ಲಿನ ಸಂಸೋನ. ಬೈಬಲಿನ ಕಥೆಯ ಈ ವೀರ ಬರಿಗೈಯಲ್ಲಿ ಸಿಂಹದ ದವಡೆ ಸೀಳುತ್ತಿದ್ದಾನೆ. ಮೂರು ಸಂಸೋನರೂ ಹುಟ್ಟಿದ್ದು ಸುಮಾರು ಐದು ವರ್ಷಗಳ ಒಳಗೆ: ಬರ್ನ್‌ನವನು 1544ರಲ್ಲಿ, ಫ್ರಿಬೂರ್‌ನವನು 1547ರಲ್ಲಿ, ಸೋಲೊಟುರ್ನ್‌ನವನು 1548ರಲ್ಲಿ. ಆ ಕಾಲಕ್ಕೆ ಧರ್ಮದ ವಿಷಯದಲ್ಲಿ ಬರ್ನ್ ಒಂದು ಕಡೆ, ಉಳಿದೆರಡು ಊರುಗಳು ಇನ್ನೊಂದು ಕಡೆ. ಹಾಗಿದ್ದೂ ಮೂವರಿಗೂ ಇವನೇ ಏಕೆ ಬೇಕಾದ ಎಂಬುದು ನನ್ನ ಕುತೂಹಲ.

ಶುಕ್ರವಾರ, ಬರ್ನ್

ಜುರಿಕ್‌ನಿಂದ ಬರ್ನ್‌ಗೆ ರೈಲಿನಲ್ಲಿ ಒಂದು ಗಂಟೆ ಸಾಕು. ಪ್ರವಾಸಿಗರಿಗೆ ಒಂದು ತಿಂಗಳ ಅರ್ಧ ದರದ ಕಾರ್ಡ್ ಸಿಗುತ್ತದೆ. ಹೆಚ್ಚು ಓಡಾಡುವವರಿಗೆ ಅದು ಲಾಭವೇ. ಬರ್ನ್‌ನಲ್ಲಿ ರಾತ್ರಿ ತಂಗುವವರಿಗೆ ವಸತಿಗೃಹದವರೇ ಊರೊಳಗಿನ ಬಸ್ಸು, ಟ್ರಾಮ್‌ಗಳಿಗೆ ಉಚಿತ ಚೀಟಿ ಕೊಡುತ್ತಾರೆ. ಅಕ್ಕ ಅದನ್ನು ಕನ್ನಡಕದ ಪೆಟ್ಟಿಗೆಯೊಳಗೆ ಭದ್ರ ಮಾಡಿದಳು.

ಸೆಪ್ಟೆಂಬರ್ ಕೊನೆಯ ವಾರ. ನಿಲ್ದಾಣದಿಂದ ಹೊರಬರುವಾಗಲೇ ಸಣ್ಣ ಮಳೆ ಹಿಡಿದಿತ್ತು. ಆದರೆ ಮಳೆಯಲ್ಲಿ ನೋಡಲೆಂದೇ ಕಟ್ಟಿದ ಊರು ಇದು. ಹಳೆಯ ಊರಿನ ಬೀದಿಗಳ ಎರಡೂ ಬದಿಗೆ ಮನೆಗಳ ಕೆಳಗೆ ಕಮಾನಿನ ಮೊಗಸಾಲೆಗಳು ಸಾಲುಸಾಲಾಗಿ ಹೋಗುತ್ತವೆ. ಎಲ್ಲ ಸೇರಿದರೆ ಸುಮಾರು 6 ಕಿಲೋಮೀಟರ್. 1405ರ ಬೆಂಕಿಯಲ್ಲಿ ಮರದ ಮನೆಗಳು ಸುಟ್ಟುಹೋದ ಮೇಲೆ ಊರು ಮರಳುಗಲ್ಲಿನಲ್ಲಿ ಎದ್ದು ನಿಂತಿತು. ಆ ಕಲ್ಲಿಗೆ ಬೂದಿಯೂ ಅಲ್ಲದ ಹಸಿರೂ ಅಲ್ಲದ ಬಣ್ಣ, ಮಳೆಯಲ್ಲಿ ನೆನೆದರೆ ಇನ್ನಷ್ಟು ಹಸಿರು. ಆರೆ ನದಿ ಮೂರು ಕಡೆಯಿಂದ ತಬ್ಬಿಕೊಂಡಿರುವುದರಿಂದ ಹಳೆಯ ಊರು ಬೆಳೆಯಲು ಜಾಗವಿಲ್ಲದೆ ಉದ್ದಕ್ಕೆ ಚಾಚಿಕೊಂಡಿದೆ. ದಾರಿ ತಪ್ಪುವುದು ಕಷ್ಟ.

ಜಿಟ್‌ಗ್ಲೋಗೆ ಎಂಬ ಗಡಿಯಾರ ಗೋಪುರದ ಕೆಳಗೆ ಜನ ಕತ್ತೆತ್ತಿ ನಿಂತಿದ್ದರು. ಗಂಟೆ ಹೊಡೆಯುವುದಕ್ಕೆ ಕೆಲವು ನಿಮಿಷ ಮೊದಲೇ ಅಲ್ಲಿ ಕೋಳಿ ಕೂಗುತ್ತದೆ, ಕರಡಿಗಳು ಮೆರವಣಿಗೆ ಹೊರಡುತ್ತವೆ. ಸರಿಯಾಗಿ ಗಂಟೆಗೆ ಹೋದರೆ ಆಟ ಮುಗಿಯುತ್ತಾ ಬಂದಿರುತ್ತದೆ. ನೋಡಿದೆವು, ಮೊಬೈಲುಗಳ ನಡುವಿನ ಸಂದಿಯಲ್ಲಿ. ಅದರ ಆಚೆ ಶುರುವಾಗುವ ಬೀದಿಯೇ ಕ್ರಾಮ್‌ಗಾಸ್ಸೆ. 49ನೇ ಸಂಖ್ಯೆಯ ಮನೆಯಲ್ಲಿ ಐನ್‌ಸ್ಟೈನ್ 1903ರಿಂದ 1905ರವರೆಗೆ ಬಾಡಿಗೆಗಿದ್ದ. ಅಕ್ಕ ಆ ಬಾಗಿಲಿನ ಮುಂದೆ ಚಪ್ಪಲಿ ಬಿಡುವುದೊಂದು ಬಾಕಿ.

ಬೀದಿಯ ನಟ್ಟನಡುವೆ, ಬಸ್ಸುಗಳು ಬಳಸಿಕೊಂಡು ಹೋಗುವಂತೆ, ಸಂಸೋನ ನಿಂತಿದ್ದ. ತೊಟ್ಟಿ 1527ರದ್ದು, ಮೂರ್ತಿಯನ್ನು ಅದರ ಮೇಲೆ ಏರಿಸಿದ್ದು 1544ರಲ್ಲಿ. ಕೆತ್ತಿದವನು ಹಾನ್ಸ್ ಗೀಂಗ್. ಬರ್ನ್‌ನ ಹದಿನಾರನೇ ಶತಮಾನದ ಕಾರಂಜಿಗಳಲ್ಲಿ ಹೆಚ್ಚಿನವು ಅವನ ಕೈಯವೆಂದು ವಿದ್ವಾಂಸರ ಎಣಿಕೆ. ಸಿಂಹದ ಮೇಲೆ ಕಾಲೂರಿ, ಎರಡು ಕೈಗಳಿಂದ ಅದರ ಬಾಯಿಯನ್ನು ಅಗಲಿಸಿದ್ದಾನೆ. ಉಟ್ಟಿರುವುದು ಹಳೆಯ ರೋಮಿನ ಸೈನಿಕರ ಧಾಟಿಯ ಉಡುಗೆ, ಅಲ್ಲಲ್ಲಿ ಚಿನ್ನದ ಲೇಪ. ಬಣ್ಣ ಎಷ್ಟು ಗಾಢವೆಂದರೆ ಮೊದಲ ನೋಟಕ್ಕೆ ನನಗೆ ಮುಜುಗರವೇ ಆಯಿತು. ಬಳಪದ ಕಲ್ಲಿನ ಕಪ್ಪು ನಯಕ್ಕೆ ಒಗ್ಗಿದ ಕಣ್ಣು ನಮ್ಮದು.

ಅಕ್ಕ ಕೊಡೆ ಓರೆ ಮಾಡಿ ಮೇಲೆ ನೋಡಿದವಳೇ, "ನಮ್ಮ ಸಳನಲ್ಲವೇನೆ ಇವನು?" ಎಂದಳು.

ಬೇಲೂರಿನ ಬಾಗಿಲ ಪಕ್ಕದಲ್ಲಿ ಆಡಿ ಬೆಳೆದವರಿಗೆ ಇನ್ನೇನು ಹೊಳೆಯಬೇಕು? ಸುದತ್ತ ಮುನಿಯ ಕೂಗಿಗೆ ಮೃಗದ ಮೇಲೆ ಎರಗಿದ ಸಳ, ಹೊಯ್ಸಳರ ಲಾಂಛನವಾಗಿ ಶುಕನಾಸಿಯ ಮೇಲೂ ಬಾಗಿಲ ಇಕ್ಕೆಲಗಳಲ್ಲೂ ನಿಂತಿದ್ದಾನೆ. ಹುಲಿಯೋ ಸಿಂಹವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಸಳನ ಕೈಯಲ್ಲಿ ಆಯುಧವಿದೆ, ಮೃಗವೂ ಅವನಷ್ಟೇ ಎತ್ತರಕ್ಕೆ ಎದ್ದು ನಿಂತು ಸೆಣಸುತ್ತದೆ. ಹೊಯ್ಸಳ ಶಿಲ್ಪಿಗೆ ಬೇಕಾದದ್ದು ಆ ಸೆಣಸಾಟದ ಬಾಗು ಬಳಕು. ಗೀಂಗ್ ಆರಿಸಿಕೊಂಡದ್ದು ಸೆಣಸಾಟ ಮುಗಿದ ಕ್ಷಣ. ಸಿಂಹ ಆಗಲೇ ಸೋತಿದೆ. ನಿಜ ಹೇಳಬೇಕೆಂದರೆ ಕೆತ್ತನೆಯಲ್ಲಿ ನಮ್ಮವರೇ ಮೇಲು. ಬರ್ನ್‌ನ ಹಳೆಯ ಊರಿಗೆ ಯುನೆಸ್ಕೊ ಪಟ್ಟ ಸಿಕ್ಕಿದ್ದು 1983ರಲ್ಲಿ. ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ ಸಿಗಲು 2023ರವರೆಗೆ ಕಾಯಬೇಕಾಯಿತು ಎಂದು ಅಕ್ಕ ಅಲ್ಲಿಯೇ ಗೊಣಗಿದಳು.

ಅವಳಿಗೆ ಕಥೆ ಬೇಕಿತ್ತು. ಹೇಳಿದೆ: ಸಂಸೋನ ತಿಮ್ನಾ ಎಂಬ ಊರಿನಲ್ಲಿ ಒಬ್ಬ ಹುಡುಗಿಯನ್ನು ಮೆಚ್ಚಿ, ಮದುವೆಯ ಮಾತಿಗೆ ಅಪ್ಪ ಅಮ್ಮನೊಂದಿಗೆ ಹೊರಟಿದ್ದಾನೆ. ದ್ರಾಕ್ಷಿ ತೋಟಗಳ ಬಳಿ ಪ್ರಾಯದ ಸಿಂಹವೊಂದು ಗರ್ಜಿಸುತ್ತಾ ಬರುತ್ತದೆ. ಮೇಕೆಮರಿಯನ್ನು ಸೀಳುವಂತೆ ಸೀಳಿ ಹಾಕುತ್ತಾನೆ, ಮನೆಯವರಿಗೆ ಹೇಳುವುದಿಲ್ಲ. ಮತ್ತೆ ಅದೇ ದಾರಿಯಲ್ಲಿ ಬರುವಾಗ ನೋಡಿದರೆ ಸಿಂಹದ ಒಡಲಲ್ಲಿ ಜೇನು ಕಟ್ಟಿದೆ. ಬಾಚಿಕೊಂಡು ತಿನ್ನುತ್ತಾ ನಡೆಯುತ್ತಾನೆ, ಅಪ್ಪ ಅಮ್ಮನಿಗೂ ಕೊಡುತ್ತಾನೆ. ಎಲ್ಲಿಯದೆಂದು ಆಗಲೂ ಹೇಳುವುದಿಲ್ಲ.

"ಹೆಣ್ಣಿನ ಮನೆಗೆ ಹೊರಟವನು ಮೈಯೆಲ್ಲ ರಕ್ತ ಮಾಡಿಕೊಂಡರೆ ತಾಯಿಗೆ ಗೊತ್ತಾಗದೆ ಇರುತ್ತದೆಯೇ?" ಎಂದು ಅಕ್ಕ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ನಾಯಿಯನ್ನು ಹಿಡಿದುಕೊಂಡು ಒಬ್ಬ ಅಜ್ಜಿ ಬಂದರು. ನಾಯಿ ನೇರವಾಗಿ ಕೆಳಗಿನ ಪುಟ್ಟ ತೊಟ್ಟಿಗೆ ಬಾಯಿ ಹಾಕಿತು; ಅಜ್ಜಿ ನಳಿಗೆಗೆ ಬಾಟಲಿ ಹಿಡಿದರು. ನಿಧಾನವಾದ ಇಂಗ್ಲಿಷಿನಲ್ಲಿ ಮಾತಾಡಿದರು. ಚಿಕ್ಕಂದಿನಲ್ಲಿ ದೊಡ್ಡ ತೊಟ್ಟಿಗೆ ಕೈ ಅದ್ದಿದರೆ ಅವರ ಅಜ್ಜಿ ಬೈಯುತ್ತಿದ್ದರಂತೆ: ನಳಿಗೆಯ ನೀರು ಮನುಷ್ಯರಿಗೆ, ತೊಟ್ಟಿಯ ನೀರು ಕೆಲಸಕ್ಕೆ, ಕೆಳಗಿನದು ಪ್ರಾಣಿಗಳಿಗೆ. ಕುಡಿಯಬಹುದೇ ಎಂದು ಅಕ್ಕ ಕೇಳಿದ್ದಕ್ಕೆ ಅವರು ನಕ್ಕು, ಮನೆಯ ನಲ್ಲಿಗಿಂತ ಇದು ತಂಪು ಎಂದರು. ಈ ದೇಶದಲ್ಲಿ ಬೀದಿಯ ಕಾರಂಜಿಗಳ ನೀರನ್ನು ಹೆದರದೆ ಕುಡಿಯಬಹುದು. ಕುಡಿಯಬಾರದ ಕಡೆ 'ಕೈನ್ ಟ್ರಿಂಕ್‌ವಾಸರ್' ಎಂಬ ಫಲಕ ಇರುತ್ತದೆ. ಅಂಗಡಿಯ ಬಾಟಲಿ ನೀರಿನ ಬೆಲೆ ನೋಡಿದ್ದ ಅಕ್ಕ ಆ ಕ್ಷಣದಿಂದ ಸಂಸೋನನ ಭಕ್ತಳಾದಳು. ಪ್ರವಾಸ ಮುಗಿಯುವವರೆಗೂ ನಾವು ನೀರು ಕೊಳ್ಳಲಿಲ್ಲ.

ಶನಿವಾರ, ಬರ್ನ್

ಬಿಸಿಲು ಬಂತು. ಸಂಸತ್ ಭವನದ ಮುಂದೆ ಶನಿವಾರದ ಸಂತೆ: ಕುಂಬಳಕಾಯಿಗಳು, ಸೇಬು, ಹೆಸರು ಗೊತ್ತಿಲ್ಲದ ಅಣಬೆಗಳು. ದೇಶದ ಮಂತ್ರಿಮಂಡಲ ಕೂರುವ ಕಟ್ಟಡದ ಮೆಟ್ಟಿಲ ಬುಡದಲ್ಲೇ ಒಬ್ಬಾಕೆ ಈರುಳ್ಳಿ ತೂಗುತ್ತಿದ್ದಳು, ಕಾವಲಿನವರು ಯಾರೂ ಗದರಿಸಲಿಲ್ಲ.

ಅಲ್ಲಿಂದ ಮ್ಯುನ್‌ಸ್ಟರ್‌ಗೆ. ಸ್ವಿಟ್ಜರ್ಲೆಂಡಿನ ಅತಿ ಎತ್ತರದ ಚರ್ಚು. 100 ಮೀಟರ್ ಗೋಪುರ ಪೂರ್ತಿಯಾಗಿದ್ದು 1893ರಲ್ಲಿ. ಹೆಬ್ಬಾಗಿಲ ಮೇಲೆ ಕಡೆಯ ತೀರ್ಪಿನ ದಿನದ ದೃಶ್ಯ, ಇನ್ನೂರಕ್ಕೂ ಹೆಚ್ಚು ಪುಟ್ಟ ದೊಡ್ಡ ಮೂರ್ತಿಗಳು. ಪುಣ್ಯವಂತರು ಒಂದು ಕಡೆ, ಪಾಪಿಗಳು ಇನ್ನೊಂದು ಕಡೆ. ಇಷ್ಟೆಲ್ಲ ನೋಡಿ ಒಳಗೆ ಕಾಲಿಟ್ಟರೆ ಬರಿದು. ಮೂರ್ತಿಗಳಿಲ್ಲದ ಕಂಬಗಳು, ಎತ್ತರ, ಗಾಜಿನ ಕಿಟಕಿಗಳ ಬೆಳಕು.

ಕಾರಣ 1528. ಆ ವರ್ಷ ಬರ್ನ್ ಪೋಪರನ್ನು ಬಿಟ್ಟು ಸುಧಾರಣೆಯ ಪಂಥಕ್ಕೆ, ಅಂದರೆ ಪ್ರಾಟೆಸ್ಟೆಂಟ್ ಪಂಥಕ್ಕೆ, ಸೇರಿತು. ಮೂರ್ತಿಗಳನ್ನು ಚರ್ಚಿನಿಂದ ತೆಗೆದು ಹಾಕಿದರು, ಹೆಬ್ಬಾಗಿಲ ತೀರ್ಪಿನ ದೃಶ್ಯ ಮಾತ್ರ ಉಳಿಯಿತು. ತೆಗೆದವು ಎಲ್ಲಿ ಹೋದವು? ಚರ್ಚಿನ ಪಕ್ಕದಲ್ಲಿ, ನದಿಯ ಕಡೆಗೆ, ಎತ್ತರದ ಗೋಡೆ ಕಟ್ಟಿ ಮಣ್ಣು ತುಂಬಿ ಮಾಡಿದ ದೊಡ್ಡ ಅಂಗಳವಿದೆ. 1986ರಲ್ಲಿ ಅದರ ದುರಸ್ತಿ ನಡೆಯುವಾಗ ಮಣ್ಣಿನೊಳಗಿಂದ ಒಂದೊಂದಾಗಿ ಸಂತರ ತಲೆಗಳು, ಮುಂಡಗಳು, ಕೈಗಳು ಹೊರಬಂದವು; ನೂರಾರು ತುಂಡುಗಳು. ಪೂಜೆಗೊಂಡ ಮೂರ್ತಿಗಳನ್ನು ಒಡೆದು ಅಂಗಳಕ್ಕೆ ಭರ್ತಿ ಮಾಡಿದ್ದರು. ಈಗ ಅಲ್ಲಿ ಮರಗಳ ನೆರಳಲ್ಲಿ ಮಕ್ಕಳು ಆಡುತ್ತಾರೆ, ಹಿರಿಯರು ಕಬ್ಬಿಣದ ಗುಂಡೆಸೆಯುವ ಆಟದಲ್ಲಿರುತ್ತಾರೆ. ಸಿಕ್ಕಿದ ಶಿಲ್ಪಗಳು ಸೇತುವೆಯಾಚೆಯ ಐತಿಹಾಸಿಕ ವಸ್ತುಸಂಗ್ರಹಾಲಯಕ್ಕೆ ಸೇರಿವೆ. ಹಳೇಬೀಡಿನ ಮುಕ್ಕಾದ ಮೂರ್ತಿಗಳ ನಡುವೆ ಓಡಾಡಿದವರಿಗೆ ಇದು ಹೊಸದಲ್ಲ. ವ್ಯತ್ಯಾಸವೆಂದರೆ ಇಲ್ಲಿ ಒಡೆದವರು ಹೊರಗಿನವರಲ್ಲ, ಅವನ್ನು ಮಾಡಿಸಿದವರ ಮಕ್ಕಳು ಮೊಮ್ಮಕ್ಕಳು.

ಚರ್ಚಿನ ಎದುರಿನ ಚೌಕದಲ್ಲಿ ಬೈಬಲಿನ ಪ್ರವಾದಿ ಮೋಶೆಯ ಕಾರಂಜಿ ಇದೆ. ಈಗಿರುವ ಮೂರ್ತಿ ಹದಿನೆಂಟನೇ ಶತಮಾನದ ಕೊನೆಯದು. ತಲೆಯಿಂದ ಬೆಳಕಿನ ಕಿರಣ ಹೊರಟಿರುವ ಮೋಶೆ ಹತ್ತು ಆಜ್ಞೆಗಳ ಹಲಗೆ ಹಿಡಿದಿದ್ದಾನೆ. ಅವನ ಬೆರಳು ತೋರಿಸುವುದು ಎರಡನೆಯ ಆಜ್ಞೆಯನ್ನು, ಅಂದರೆ ಮೂರ್ತಿ ಮಾಡಬೇಡ ಎಂಬುದನ್ನು, ಎಂದು ಅಲ್ಲಿಯ ಮಾರ್ಗದರ್ಶಿಗಳು ಹೇಳುತ್ತಾರೆ. ಮೂರ್ತಿ ಬೇಡವೆಂದು ಸಾರಲು ಒಂದು ಮೂರ್ತಿ! ಅಕ್ಕ ಬಹಳ ಹೊತ್ತು ನಕ್ಕಳು.

ನಗು ನಿಂತ ಮೇಲೆ ನನಗೆ ಸಂಸೋನನ ವಿಷಯ ಸ್ವಲ್ಪ ಬಗೆಹರಿಯಿತು. 1528ರಲ್ಲಿ ಸಂತರನ್ನು ಮಣ್ಣಿಗೆ ಹಾಕಿದ ಊರು, ಹದಿನಾರು ವರ್ಷದೊಳಗೆ ಬೀದಿಯ ನಡುವೆ ಬಣ್ಣ ಹೊಡೆದ ಮೂರ್ತಿ ನಿಲ್ಲಿಸಿತು. ಆದರೆ ಇವನು ಸಂತನಲ್ಲ. ಇವನ ಮುಂದೆ ಯಾರೂ ಮೇಣದ ಬತ್ತಿ ಹಚ್ಚುವುದಿಲ್ಲ, ಹರಕೆ ಹೊರುವುದಿಲ್ಲ. ಬೈಬಲಿನವನೇ, ಶೂರನೇ, ಆದರೆ ಹೆಂಗಸರ ಮಾತಿಗೆ ಸೋಲುವ, ಕೊನೆಗೆ ಕೂದಲನ್ನೂ ಕಣ್ಣನ್ನೂ ಕಳೆದುಕೊಂಡು ಗಾಜಾದ ಸೆರೆಮನೆಯಲ್ಲಿ ಬೀಸುಕಲ್ಲು ತಿರುಗಿಸಿದ ಮನುಷ್ಯ. ಪೂಜೆಯ ಅಪಾಯವಿಲ್ಲದ ವೀರ. ಚರ್ಚಿನಲ್ಲಿ ಕೆಲಸ ಕಳೆದುಕೊಂಡ ಶಿಲ್ಪಿಗೂ ಹೊಟ್ಟೆ ಇತ್ತಲ್ಲ. ಮೂರ್ತಿಕಲೆ ಗರ್ಭಗುಡಿ ಬಿಟ್ಟು ನೀರಿನ ತೊಟ್ಟಿಗೆ ಬಂತು. ಇದು ನನ್ನ ಊಹೆ, ಆದರೆ ಈ ಊಹೆಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಕಾರ್ನ್‌ಹೌಸ್ ಚೌಕದಲ್ಲಿ ಮಕ್ಕಳನ್ನು ತಿನ್ನುವ ರಾಕ್ಷಸನ ಕಾರಂಜಿಯೂ ಇದೆ. ಚೀಲದ ತುಂಬ ಮಕ್ಕಳು, ಒಂದು ಮಗು ಅರ್ಧ ಬಾಯೊಳಗೆ. ಗೀಂಗ್‌ನದೇ ಎನ್ನುತ್ತಾರೆ. ಅದನ್ನು ಏಕೆ ಮಾಡಿಸಿದರೆಂಬುದಕ್ಕೆ ಹತ್ತಾರು ವಾದಗಳಿವೆ, ಎಲ್ಲವನ್ನೂ ಬದಿಗಿಟ್ಟು ಊಟಕ್ಕೆ ಹೋದೆವು.

ಆಲೂಗಡ್ಡೆ ತುರಿದು ಬೆಣ್ಣೆಯಲ್ಲಿ ಕೆಂಪಗೆ ಬೇಯಿಸಿದ ರೋಸ್ತಿ ಸಸ್ಯಾಹಾರಿಗಳ ಪಾಲಿನ ದೊಡ್ಡ ಆಸರೆ. ಮಾಂಸದ ಚೂರು ಬೇಡವೆಂದು ಮೊದಲೇ ಹೇಳಬೇಕು. ರಾತ್ರಿಗೆ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಸಣ್ಣ ತಿಂಡಿಯಂಗಡಿಯಿಂದ ಒಗ್ಗರಣೆಯ ವಾಸನೆ ಬಂತು. ಅಂಗಡಿಯವರು ಜಾಫ್ನಾ ಕಡೆಯ ತಮಿಳರು, ಯುದ್ಧದ ಕಾಲದಲ್ಲಿ ಬಂದು ನೆಲೆನಿಂತವರು. ನಮ್ಮ ಹರಕು ತಮಿಳಿಗೆ ಅವರ ಮುಖ ಅರಳಿತು. ಊರ ಪಶ್ಚಿಮಕ್ಕೆ ಯುರೋಪಾಪ್ಲಾಟ್ಸ್ ಎಂಬಲ್ಲಿ ಹಿಂದೂ ದೇವಾಲಯ, ಮಸೀದಿ, ಬೌದ್ಧರ ಪ್ರಾರ್ಥನಾ ಮಂದಿರ, ಚರ್ಚು ಎಲ್ಲ ಒಂದೇ ಸೂರಿನಡಿ ಇರುವ ಧರ್ಮಗಳ ಮನೆ 2014ರಲ್ಲಿ ತೆರೆದಿದೆ, ಹೋಗಿ ಬನ್ನಿ ಎಂದರು. ಕಾಲು ನೋವಿಗೆ ಹೋಗಲಾಗಲಿಲ್ಲ. ಆದರೆ ಮೂರ್ತಿಗಳನ್ನು ಅಂಗಳದಡಿ ಹೂತ ಊರಿನಲ್ಲಿ ಈಗ ಮುರುಗನಿಗೆ ಅಭಿಷೇಕ ನಡೆಯುತ್ತದೆ ಎಂದು ಹೇಳುವಾಗ ಅವರ ದನಿಯಲ್ಲಿದ್ದ ಹೆಮ್ಮೆಗೆ ನಾವು ಇನ್ನೊಂದು ಇಡಿಯಪ್ಪ ಹಾಕಿಸಿಕೊಂಡೆವು.

ಭಾನುವಾರ, ಸೋಲೊಟುರ್ನ್

ಬರ್ನ್ ನಿಲ್ದಾಣದ ನೆಲದಡಿಯಿಂದ ಹೊರಡುವ ಪುಟ್ಟ ಹಳಿಯ ರೈಲು ಹೊಲಗಳ ನಡುವೆ ಮುಕ್ಕಾಲು ಗಂಟೆಯೊಳಗೆ ಸೋಲೊಟುರ್ನ್ ಮುಟ್ಟಿಸುತ್ತದೆ. ಒಂದು ಕಡೆ ಮೆಕ್ಕೆಜೋಳದ ಹೊಲ, ಇನ್ನೊಂದು ಕಡೆ ಜ್ಯೂರಾ ಬೆಟ್ಟಗಳ ನೀಲಿ ಗೋಡೆ. ಭಾನುವಾರ ಈ ದೇಶದಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ರೈಲು ನಿಲ್ದಾಣದ ಒಳಗಿನವುಗಳಂಥ ಕೆಲವು ಮಾತ್ರ ತೆರೆದಿರುತ್ತವೆ. ಬ್ರೆಡ್ಡು, ಮೊಸರು ಕಟ್ಟಿಕೊಂಡೇ ಹೊರಟಿದ್ದೆವು.

ಈ ಊರಿಗೆ ಹನ್ನೊಂದರ ಹುಚ್ಚು. 1481ರಲ್ಲಿ ಸ್ವಿಸ್ ಒಕ್ಕೂಟಕ್ಕೆ ಹನ್ನೊಂದನೆಯ ಸದಸ್ಯನಾಗಿ ಎಣಿಸಿಕೊಂಡದ್ದಕ್ಕೋ ಅದಕ್ಕೂ ಹಿಂದಿನದೋ, ಅಂತೂ ಹನ್ನೊಂದು ಚರ್ಚು, ಹನ್ನೊಂದು ಗೋಪುರ, ಹನ್ನೊಂದು ಕಾರಂಜಿ ಎಂದು ಊರವರು ಲೆಕ್ಕ ಒಪ್ಪಿಸುತ್ತಾರೆ. ಸಂತ ಉರ್ಸುಸ್ ಮಹಾಚರ್ಚಿನ ಮುಂದಿನ ಮೆಟ್ಟಿಲುಗಳು ಹನ್ನೊಂದರ ಕಂತಿನಲ್ಲಿ ಏರುತ್ತವೆ. ಒಂದು ಗಡಿಯಾರದಲ್ಲಿ ಅಂಕಿಗಳೇ ಹನ್ನೊಂದು. ಅದರಲ್ಲಿ ಮಧ್ಯಾಹ್ನ ಹೇಗೆ ಆಗುತ್ತದೆ ಎಂದು ಅಕ್ಕ ಲೆಕ್ಕ ಹಾಕುತ್ತಾ ಕುಳಿತಳು.

ಇಲ್ಲಿಯ ಸಂಸೋನ ಇರುವುದು ಫ್ರೀಡ್‌ಹೋಫ್‌ಪ್ಲಾಟ್ಸ್ ಎಂಬ ಸಣ್ಣ ಚೌಕದಲ್ಲಿ. ಬೀದಿಯ ಸದ್ದಿಲ್ಲ, ಸುತ್ತ ಮನೆಗಳು, ಕಿಟಕಿಗಳಲ್ಲಿ ಕೆಂಪು ಹೂ. ಬರ್ನ್‌ನಲ್ಲಿ ಬಸ್ಸಿಗೆ ಹೆದರಿಕೊಂಡು ನೋಡಿದ್ದನ್ನು ಇಲ್ಲಿ ತೊಟ್ಟಿಯ ಅಂಚಿಗೆ ಒರಗಿ ಸುತ್ತಲೂ ನೋಡಬಹುದು. ಅದೇ ಸಿಂಹ, ಅದೇ ದವಡೆ, ಅದೇ ಹಿಡಿತ. ಆದರೆ ಎದುರಿನಿಂದ ನೋಡುವುದಕ್ಕಿಂತ ಹಿಂದಿನಿಂದ ನೋಡುವುದೇ ಚೆನ್ನ ಎಂದು ನನಗೆ ಕಂಡಿತು. ಶ್ರಮವೆಲ್ಲ ಇರುವುದು ಬೆನ್ನಿನಲ್ಲಿ.

ಎದುರು ಮನೆಯ ಬಾಗಿಲಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದವರು ಹತ್ತಿರ ಬಂದು ಮಾತಾಡಿಸಿದರು. ನಿವೃತ್ತ ಬಡಗಿ. ವೆಂಗಿಯ ಕಥೆ ಗೊತ್ತೇ ಎಂದು ಕೇಳಿದರು. ಗೊತ್ತಿತ್ತು, ಆದರೂ ಅವರ ಬಾಯಲ್ಲಿ ಕೇಳಬೇಕೆನಿಸಿತು. 1533ರಲ್ಲಿ ಊರಿನ ಕ್ಯಾಥೊಲಿಕರು ನದಿಯಾಚೆ ಸೇರಿದ್ದ ಸುಧಾರಣಾ ಪಂಥದವರ ಮೇಲೆ ಫಿರಂಗಿ ತಿರುಗಿಸಿದರು. ಆಗ ಮುಖ್ಯಾಧಿಕಾರಿ ನಿಕ್ಲಾಸ್ ವೆಂಗಿ, ತಾನೂ ಕ್ಯಾಥೊಲಿಕನೇ, ಫಿರಂಗಿಯ ಬಾಯಿಗೆ ಎದೆಯೊಡ್ಡಿ ನಿಂತು, ಊರವರ ರಕ್ತವೇ ಹರಿಯಬೇಕೆಂದಿದ್ದರೆ ಮೊದಲು ನನ್ನದು ಹರಿಯಲಿ ಎಂದನಂತೆ. ಗುಂಡು ಹಾರಲಿಲ್ಲ. ಊರು ಕ್ಯಾಥೊಲಿಕ್ ಆಗಿಯೇ ಉಳಿಯಿತು. ಬಡಗಿ ನೀರಿನ ಕ್ಯಾನಿನಿಂದಲೇ ಫಿರಂಗಿಯ ಎತ್ತರ ತೋರಿಸಿದರು; ನೀರು ಅಕ್ಕನ ಬೂಟಿನ ಮೇಲೆ ಚೆಲ್ಲಿತು. ಅವರು ಹತ್ತು ಸಲ ಕ್ಷಮೆ ಕೇಳಿದರು, ಅಕ್ಕ ಕನ್ನಡದಲ್ಲೇ ಪರವಾಗಿಲ್ಲ ಎಂದಳು, ಅವರಿಗೆ ಅರ್ಥವಾಯಿತು.

ಸಂಜೆ ಆರೆಯ ದಡದಲ್ಲಿ ಊರಿಗೆ ಊರೇ ಕುಳಿತಿತ್ತು. ತೆರೆದಿದ್ದ ಒಂದು ಕಾಫಿ ಮನೆಯಲ್ಲಿ ಸೋಲೊಟುರ್ನರ್ ಟೋರ್ಟೆ ಸಿಕ್ಕಿತು, ಹೇಝಲ್‌ನಟ್ ಪುಡಿಯ ಗರಿ ಪದರಗಳ ಸಿಹಿ. ಮೊಟ್ಟೆಯ ಬಿಳಿ ಇರುತ್ತದೆ. ಅಕ್ಕ ಮುಟ್ಟಲಿಲ್ಲ, ಅವಳ ಪಾಲು ನನಗೆ ಬಂತು.

ಸೋಮವಾರ, ಫ್ರಿಬೂರ್

ಬರ್ನ್‌ನಿಂದ ಫ್ರಿಬೂರ್‌ಗೆ ಅರ್ಧ ಗಂಟೆಯೂ ಇಲ್ಲ. ಎರಡನ್ನೂ ಕಟ್ಟಿಸಿದ್ದು ತ್ಸೇರಿಂಗನ್ ಮನೆತನದ ದೊರೆಗಳು: ಫ್ರಿಬೂರ್ 1157ರಲ್ಲಿ, ಬರ್ನ್ 1191ರಲ್ಲಿ. ಒಡಹುಟ್ಟಿದ ಊರುಗಳು. ಆದರೆ ರೈಲಿನಲ್ಲಿ ಜರ್ಮನ್ ಘೋಷಣೆ ಕೇಳಿ ಹೊರಟವರು ಇಳಿಯುವಾಗ ಫ್ರೆಂಚ್ ಕೇಳುತ್ತಾರೆ. ಸುಧಾರಣೆಯ ಗಾಳಿ ಬರ್ನ್‌ನವರೆಗೆ ಬಂದರೂ ಇಲ್ಲಿ ನೆಲೆಯೂರಲಿಲ್ಲ, ಫ್ರಿಬೂರ್ ಕ್ಯಾಥೊಲಿಕ್ ಆಗಿಯೇ ಇದೆ. ಬೀದಿ ಮೂಲೆಗಳಲ್ಲಿ ಮಾತೆ ಮೇರಿ, ಚರ್ಚುಗಳೊಳಗೆ ಚಿನ್ನ, ಬಣ್ಣ, ಧೂಪದ ವಾಸನೆ.

ಈ ಊರು ಬಂಡೆಯ ಮೇಲೊಂದು, ಬಂಡೆಯ ಕೆಳಗೊಂದು ಎಂದು ಎರಡಾಗಿ ಕೂತಿದೆ. ಕೆಳಗೆ ಸಾರಿನ್ ನದಿ. ನೋತ್ರ್ ದಾಮ್ ಚರ್ಚಿನ ಮುಂದಿನ ಚೌಕ ಮೇಲಿನ ಊರಿನಲ್ಲಿದೆ, ಅಲ್ಲಿಯೇ 1547ರ ಸಂಸೋನ. ಇದೂ ಹಾನ್ಸ್ ಗೀಂಗ್‌ನ ಕೆಲಸ, ಮತ್ತು ಇದು ಅವನ ಊರು. ಜರ್ಮನಿಯ ಸ್ವೇಬಿಯಾ ಕಡೆಯಿಂದ ಬಂದವನು ಇಲ್ಲಿ ಕಾರ್ಯಾಗಾರ ಇಟ್ಟುಕೊಂಡು, 1562ರಲ್ಲಿ ತೀರಿಕೊಳ್ಳುವವರೆಗೂ ಕೆತ್ತಿದ. ಎರಡು ಪಂಥದ ಊರುಗಳಿಗೂ ಅದೇ ಉಳಿ. ಮೂರ್ತಿಗಳನ್ನು ಹೂತವರೂ ಮೂರ್ತಿಗಳಿಗೆ ಕೈಮುಗಿಯುವವರೂ ನೀರಿನ ತೊಟ್ಟಿಯ ವಿಷಯ ಬಂದಾಗ ಒಬ್ಬನೇ ಕಲ್ಲುಕುಟಿಗನಿಗೆ ಹಣ ಕೊಟ್ಟರು ಎಂಬುದು ನನಗೆ ಬಹಳ ಹಿಡಿಸಿತು. ದೇವರ ಬಗ್ಗೆ ಒಮ್ಮತವಿರಲಿಲ್ಲ, ಸಿಂಹದ ಬಗ್ಗೆ ಇತ್ತು.

ಇಷ್ಟು ಹೇಳಿ ಮುಗಿಸುವ ಮೊದಲೇ ಗಾಳಿ ಎದ್ದಿತು. ಚೌಕದ ಪಕ್ಕದ ತ್ಸೇರಿಂಗನ್ ಸೇತುವೆಯ ಮೇಲೆ ನಿಂತು ಕಣಿವೆ ನೋಡುತ್ತಿದ್ದ ನಮ್ಮ ಕೊಡೆ ತಲೆಕೆಳಗಾಗಿ, ಅಕ್ಕನ ಕೈಯಿಂದ ಕಿತ್ತುಕೊಂಡು, ಸಾರಿನ್ ಕಣಿವೆಯ ಮರಗಳ ಮೇಲೆ ತೇಲಿಕೊಂಡು ಹೋಯಿತು. ಹಾಸನದ ಸಂತೇಪೇಟೆಯಲ್ಲಿ ಕೊಂಡ ಕೊಡೆ. ಈಗ ಅದು ಯಾವುದೋ ಸ್ವಿಸ್ ಮರದ ಮೇಲಿದೆ. ಈ ಸೇತುವೆಗೆ ಹೋಗುವವರು ಕೊಡೆ ಬಿಟ್ಟು ಟೋಪಿಯಿರುವ ಮಳೆಯಂಗಿ ಹಾಕಿಕೊಳ್ಳುವುದು ಒಳ್ಳೆಯದು.

ಮಳೆಯಲ್ಲೇ ಕೆಳಗಿಳಿದೆವು. ಸ್ಟಾಲ್ಡನ್ ಎಂಬ ಕಡಿದಾದ ಕಲ್ಲುಹಾಸಿನ ಇಳಿಜಾರು, ನೆನೆದರೆ ಜಾರುತ್ತದೆ. ತಳದಲ್ಲಿ ಸಮಾರ್ಯದ ಹೆಂಗಸಿನ ಕಾರಂಜಿ, ಇದೂ ಗೀಂಗ್‌ನದು, 1551ರ ಹೊತ್ತಿನದು. ಬಾವಿಯ ಬಳಿ ಯೇಸು ಕೆಳಜಾತಿಯೆಂದು ತಳ್ಳಲ್ಪಟ್ಟ ಜನಾಂಗದ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳುವ ಪ್ರಸಂಗ. ನಿನ್ನವರು ನಮ್ಮಿಂದ ನೀರು ಮುಟ್ಟುವುದಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯ. ಈ ಕಥೆ ನಮ್ಮ ಊರುಗಳಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಸಂಸೋನನಿಗಿಂತ ನೀರಿನ ಮೇಲೆ ನಿಲ್ಲಲು ಹೆಚ್ಚು ಹಕ್ಕಿರುವುದು ಇವಳಿಗೇ ಎಂದು ಅಕ್ಕ ತೀರ್ಪು ಕೊಟ್ಟಳು. ನಾನು ಒಪ್ಪಿದೆ.

ಕೆಳಗಿನ ಊರಿನಲ್ಲಿ 1653ರ ಮುಚ್ಚಿದ ಮರದ ಸೇತುವೆ ದಾಟಿ, ನದಿಗುಂಟ ನಡೆದು, ಮೇಲೆ ಹೋಗಲು ಹಗ್ಗದ ರೈಲಿನ ಬಳಿ ಬಂದಾಗ ಅಕ್ಕನ ಪ್ರವಾಸ ನಿಜವಾಗಿ ಶುರುವಾಯಿತು. 1899ರಿಂದ ಓಡುತ್ತಿರುವ ಈ ಗಾಡಿಗೆ ವಿದ್ಯುತ್ತಿಲ್ಲ, ಎಣ್ಣೆ ಇಲ್ಲ. ಮೇಲಿನ ಊರಿನ ಚರಂಡಿ ನೀರೇ ಇಂಧನ! ಒಂದೇ ಹಗ್ಗದ ಎರಡು ತುದಿಗೆ ಎರಡು ಗಾಡಿ. ಮೇಲಿರುವ ಗಾಡಿಯ ಹೊಟ್ಟೆಗೆ ಸೋಸಿದ ಕೊಳಚೆ ನೀರು ತುಂಬುತ್ತಾರೆ, ಅದು ಭಾರಕ್ಕೆ ಇಳಿಯುತ್ತದೆ, ಇಳಿಯುತ್ತಾ ಕೆಳಗಿನದನ್ನು ಎಳೆಯುತ್ತದೆ. ಕೆಳಗೆ ಬಂದ ಮೇಲೆ ನೀರು ಖಾಲಿ. ಸ್ವಲ್ಪ ನಾತವಿದೆ, ಮಳೆಯ ದಿನ ಇನ್ನೂ ಸ್ವಲ್ಪ. ಅಕ್ಕ ಮೂಗು ಮುಚ್ಚಲಿಲ್ಲ. ಜೊತೆಗಿದ್ದ ಇಬ್ಬರು ಕೊರಿಯಾದ ಹುಡುಗಿಯರಿಗೆ ಗುರುತ್ವ ಬಲ, ತೂಕ, ತಡೆ ಎಲ್ಲವನ್ನೂ ಕೈಸನ್ನೆಯಲ್ಲಿ ಪಾಠ ಮಾಡಿದಳು. ಗಾಡಿ ನಡೆಸುವವನು ನಕ್ಕು ತಡೆಗಾಲಿಯ ಹಿಡಿ ತೋರಿಸಿದ. ಮೇಲೆ ತಲುಪಿ, ಮತ್ತೆ ಕೆಳಗೆ ಬಂದು, ಮತ್ತೆ ಮೇಲೆ ಹೋದೆವು. ಊರು ನೀರನ್ನು ಎರಡು ಸಲ ದುಡಿಸಿಕೊಳ್ಳುತ್ತದೆ: ಒಮ್ಮೆ ಸಂಸೋನನ ಕೆಳಗೆ ಕುಡಿಯುವುದಕ್ಕೆ, ಮತ್ತೊಮ್ಮೆ ಇಲ್ಲಿ ಜನರನ್ನು ಹೊರುವುದಕ್ಕೆ.

ರಾತ್ರಿ ಫಾಂಡ್ಯೂ, ಕರಗಿಸಿದ ಗಿಣ್ಣು ಅಂದರೆ ಚೀಸು. ಗ್ರುಯೇರ್ ಮತ್ತು ಫ್ರಿಬೂರ್‌ನದೇ ವಾಶ್ರಾಂ ಗಿಣ್ಣುಗ‌ಳನ್ನು ಸಮಪಾಲು ಹಾಕಿ ಕರಗಿಸುವುದು ಹೆಸರುವಾಸಿ, ಆದರೆ ಅದಕ್ಕೆ ವೈನ್ ಬೀಳುತ್ತದೆ. ವೈನ್ ಬೇಡದವರು ಬರೀ ವಾಶ್ರಾಂನದ್ದನ್ನು ಕೇಳಬೇಕು. ಅದನ್ನು ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ ಆಲೂಗಡ್ಡೆಯ ಜೊತೆ ತಿನ್ನುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಗಿಣ್ಣಿಗೆ ಹೆಪ್ಪು ಯಾವುದರದ್ದೆಂದು ವಿಚಾರಿಸಿಕೊಳ್ಳಲಿ. ಹೆಚ್ಚಾಗಿ ಕರುವಿನ ಹೊಟ್ಟೆಯದು. ಅಕ್ಕ ಬೇಯಿಸಿದ ಆಲೂಗಡ್ಡೆಗೆ ನಾವು ತಂದಿದ್ದ ಚಟ್ನಿಪುಡಿ ಉದುರಿಸಿಕೊಂಡಳು. ಪಕ್ಕದ ಮೇಜಿನವರು ಅದೇನೆಂದು ಕೇಳಿದರು, ಒಂದು ಚಿಟಿಕೆ ರುಚಿ ನೋಡಿದರು, ಒಬ್ಬರು ಕೆಮ್ಮಿದರು.

ಮಂಗಳವಾರ, ಫ್ರಿಬೂರ್

ಇಲ್ಲಿಯ ಕಲೆ ಮತ್ತು ಇತಿಹಾಸ ಸಂಗ್ರಹಾಲಯಕ್ಕೆ ಸೋಮವಾರ ರಜೆ. ಅದಕ್ಕೆಂದೇ ರಾತ್ರಿ ಉಳಿದಿದ್ದೆವು. ನಿನ್ನೆ ಚೌಕದಲ್ಲಿ ನೋಡಿದ ಸಂಸೋನ ನಕಲು. ಮಳೆ, ಮಂಜು, ಹೊಗೆಗೆ ಮರಳುಗಲ್ಲು ಬೇಗ ಸವೆಯುವುದರಿಂದ ಮೂಲ ಶಿಲ್ಪಗಳನ್ನು ಸಂಗ್ರಹಾಲಯಕ್ಕೆ ತಂದಿದ್ದಾರೆ.

ಬೀದಿಯಲ್ಲಿ ಕತ್ತೆತ್ತಿ ನೋಡಿದ್ದು ಇಲ್ಲಿ ಹತ್ತಿರದಲ್ಲಿದೆ. ಹೊಸ ಬಣ್ಣದ ಹೊಳಪಿಲ್ಲದೆ ಬರಿಯ ಕಲ್ಲು ಕಂಡಾಗ ನನ್ನ ಮೊದಲ ದಿನದ ಮುಜುಗರಕ್ಕೆ ಅರ್ಥ ಸಿಕ್ಕಿತು: ಬಣ್ಣವೆಂಬುದು ದೂರದ ಕಣ್ಣಿಗೆ, ಕೊಡ ಹಿಡಿದು ಸಾಲಿನಲ್ಲಿ ನಿಂತವರಿಗೆ. ಹತ್ತಿರ ಬಂದವನಿಗೆ ಬೇಕಾದದ್ದು ಬೆರಳುಗಳು. ಸಿಂಹದ ಮೇಲ್ದವಡೆಗೆ ಸಿಕ್ಕಿಸಿದ ಆ ಬೆರಳುಗಳನ್ನು ನೋಡುತ್ತಾ ನಿಂತಿದ್ದೆ. ಕೆತ್ತನೆಯಲ್ಲಿ ನಮ್ಮವರೇ ಮೇಲು ಎಂದು ಬರ್ನ್‌ನಲ್ಲಿ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಅಂತರ ಸ್ವಲ್ಪ ಕಡಿಮೆಯಾಯಿತು ಎಂದು ಅಕ್ಕನಿಗೆ ಹೇಳಿದೆ. ಅವಳು ಬೆಂಚಿನ ಮೇಲೆ ಕುಳಿತು ಪಾದ ಒತ್ತಿಕೊಳ್ಳುತ್ತಿದ್ದಳು.

ಕಾವಲಿನ ತರುಣಿ ನಮ್ಮ ಆಸಕ್ತಿ ನೋಡಿ, ಊರಿನಲ್ಲೇ ಹುಟ್ಟಿದ ಶಿಲ್ಪಿ ಜಾನ್ ಟಿಂಗೆಲಿಯ ಕಾರಂಜಿಯನ್ನೂ ನೋಡಿ ಹೋಗಿ ಎಂದಳು. ನಿಲ್ದಾಣದ ದಾರಿಯಲ್ಲೇ ಗ್ರಾಂ ಪ್ಲಾಸ್ ಎಂಬ ಹುಲ್ಲುಹಾಸಿನಲ್ಲಿ ಅದಿದೆ. ಕಾರು ಪಂದ್ಯದಲ್ಲಿ ಸತ್ತ ಗೆಳೆಯ ಜೋ ಸಿಫರ್ಟ್‌ನ ನೆನಪಿಗೆ 1984ರಲ್ಲಿ ನಿಲ್ಲಿಸಿದ್ದು. ಗಾಲಿ, ಕೊಳವೆ, ಕಬ್ಬಿಣದ ಕೋಲುಗಳು ಅತ್ತಿತ್ತ ತಿರುಗುತ್ತಾ ನೀರನ್ನು ಎಲ್ಲ ಕಡೆ ಎರಚುತ್ತವೆ. ಒಂದು ನಾಯಿ ಅದರ ಧಾರೆಯನ್ನು ಕಚ್ಚಲು ಹಾರುತ್ತಿತ್ತು, ಅದರ ಯಜಮಾನ ತೊಯ್ದು ತೊಪ್ಪೆಯಾಗಿದ್ದ. ಈ ನೀರನ್ನು ಮಾತ್ರ ಬಾಟಲಿಗೆ ಹಿಡಿಯಲು ಅಕ್ಕ ಯತ್ನಿಸಲಿಲ್ಲ.

ನಿಲ್ದಾಣದ ಬಳಿಯ ಬೇಕರಿಯಲ್ಲಿ ಕ್ಯುಶೋಲ್ ಇತ್ತು, ಕೇಸರಿ ಹಾಕಿದ ಹಳದಿ ಬ್ರೆಡ್ಡು. ಶರತ್ಕಾಲದ ಬೆನಿಶಾಂ ಹಬ್ಬದ ತಿನಿಸು. ಬೆಣ್ಣೆ ಮತ್ತು ಸಿಹಿ ಸಾಸಿವೆ ಹಚ್ಚಿಕೊಂಡು ತಿನ್ನುವುದು ಪದ್ಧತಿ. ಸಕ್ಕರೆ, ಮಸಾಲೆ ಸೇರಿದ ಈ ಸಾಸಿವೆ ಜಾಮಿನ ಹಾಗೆ ಗಟ್ಟಿಯಾಗಿದೆ, ಮೊದಲು ಸಿಹಿ, ಆಮೇಲೆ ಮೂಗಿಗೆ ಏರುತ್ತದೆ. ಒಂದು ಸಣ್ಣ ಸೀಸೆ ಕೊಂಡೆವು. ಜುರಿಕ್ ತಲುಪುವ ಮೊದಲೇ ಅರ್ಧ ಖಾಲಿಯಾಗಿತ್ತು. ಉಳಿದ ಅರ್ಧವನ್ನು ವಿಮಾನ ನಿಲ್ದಾಣದ ತಪಾಸಣೆಯವರು ಕೈಚೀಲದಿಂದ ಹೊರಗೆ ತೆಗೆದಿಟ್ಟುಕೊಂಡರು. ಕೊಂಡೊಯ್ಯುವವರು ದೊಡ್ಡ ಪೆಟ್ಟಿಗೆಯೊಳಗೆ ಇಡಿ.